ನೇರಲಮಕ್ಕಿ ಶಾಲೆಯ ಹೆಂಚು

ನನ್ನ ಹೆಂಡತಿ ವಿನೋದಾ ಕಾಲಿಗೆ ಚಕ್ರ ಕಟ್ಟಿಕೊಂಡವಳು ಎಂದು ವಜ್ರಳ್ಳಿಯಲ್ಲಿ ಎಲ್ಲರೂ ಹೇಳುತ್ತಾರೆ. ಅದು ಪೂರ್ತಿ ನಿಜವಲ್ಲ. ಚಕ್ರ ಇದ್ದದ್ದು ನನ್ನ ಎಂ-ಎಯ್ಟಿ ಗಾಡಿಗೆ, ಅವಳು ಹಿಂದೆ ಕೂತು ಎಲ್ಲಿಗೆ ಹೋಗಬೇಕೆಂದು ಹೇಳುತ್ತಿದ್ದಳು. ತೊಂಬತ್ತೇಳನೇ ಇಸವಿಯ ಸುತ್ತಮುತ್ತ ಒಂದು ವರ್ಷವಿಡೀ ನಾನು ಅವಳನ್ನು ಹೊತ್ತುಕೊಂಡು ಶಿರಸಿ, ಸಿದ್ದಾಪುರ, ಯಲ್ಲಾಪುರ ಎಂದು ತಿರುಗಿದೆ. ಹುಡುಕುತ್ತಿದ್ದದ್ದು ಹಣವನ್ನು. ನಮ್ಮ ಮನೆಗೆ ಬೇಕಾಗಿದ್ದರೆ ಸೊಸೈಟಿಯಲ್ಲಿ ಒಂದು ಸಹಿ ಹಾಕಿ ತರಬಹುದಿತ್ತು. ಇದು ಹೊಳೆಯಾಚೆಯ ನೇರಲಮಕ್ಕಿಯ ಶಾಲೆಗೆ, ಇನ್ನೂ ಇಲ್ಲದ ಶಾಲೆಗೆ.

ನೇರಲಮಕ್ಕಿ ಎಂದರೆ ಗದ್ದೆ ಮಾಡಿಕೊಂಡಿರುವವರ ಸಣ್ಣ ಕೇರಿ. ಸರ್ಕಾರಿ ಶಾಲೆ ಇರುವುದು ಹೊಳೆಯ ಈಚೆ, ನಮ್ಮ ಕಡೆ. ನಡುವೆ ಮರದ ದಿಮ್ಮಿ ಹಾಕಿ, ಹಿಡಿದುಕೊಳ್ಳಲು ಹಗ್ಗ ಕಟ್ಟಿ ಮಾಡಿದ ಸಂಕ. ಬೇಸಿಗೆಯಲ್ಲಿ ಮಕ್ಕಳು ಅದರ ಮೇಲೆ ಓಡುತ್ತವೆ. ಮಳೆ ಹಿಡಿದು ಹೊಳೆ ಕೆಂಪಾದ ಮೇಲೆ ದೊಡ್ಡವರು ಹೇಗೋ ದಾಟುತ್ತಾರೆ, ಆದರೆ ಯಾವ ತಾಯಿಯೂ ಮಗುವನ್ನು ಕಳಿಸುವುದಿಲ್ಲ. ಮಳೆಗಾಲ ಮುಗಿದು ಅವು ಶಾಲೆಗೆ ಬರುವಷ್ಟರಲ್ಲಿ ಉಳಿದವರು ಪುಸ್ತಕದ ಅರ್ಧಕ್ಕೆ ಬಂದಿರುತ್ತಾರೆ. ಹಿಂದಿನ ಬೆಂಚು, ಬೈಗುಳ, ಆಮೇಲೆ ದನ ಕಾಯುವುದು. ಪ್ರತಿ ವರ್ಷ ಇದೇ ಹಾಡು.

ಆ ಕೇರಿಯಿಂದ ಪಿಯುಸಿವರೆಗೆ ಓದಿದವಳು ಗಂಗಾ ಒಬ್ಬಳೇ. ಯಲ್ಲಾಪುರದಲ್ಲಿ ಹಾಸ್ಟೆಲಿನಲ್ಲಿದ್ದು ಓದಿ ಬಂದವಳು ತನ್ನ ತಾಯಿ ನಾಗಿಯ ಮನೆಯ ಜಗುಲಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಕಲಿಸತೊಡಗಿದಳು. ಯಾರೂ ಹೇಳಿರಲಿಲ್ಲ, ಯಾರೂ ಸಂಬಳ ಕೊಡುತ್ತಿರಲಿಲ್ಲ. ನಾಗಿಗೆ ಗಂಡನಿಲ್ಲ, ಅಂಗೈಯಗಲ ಗದ್ದೆ, ಉಳಿದ ದಿನ ತೋಟದ ಕೂಲಿ. ಹೀಗೆ ಒಂದು ವರ್ಷ ನಡೆಯಿತು. ಅಷ್ಟರಲ್ಲಿ ಹುಬ್ಬಳ್ಳಿಯ ನರ್ಸಿಂಗ್ ಹೋಮ್ ಒಂದರಲ್ಲಿ ಕೆಲಸ ಮಾಡುತ್ತಿದ್ದ ಗಂಗಾಳ ಸೋದರಮಾವ ಅಲ್ಲೇ ಅವಳಿಗೂ ಒಂದು ಕೆಲಸ ಮಾತಾಡಿಟ್ಟ.

"ಮುಂದಿನ ವರ್ಷ ಮಳೆ ಹಿಡಿಯೂವರೆಗೆ ನೋಡ್ತೆ ಅಮ್ಮಾ," ಎಂದಳು ಗಂಗಾ ವಿನೋದಾಗೆ. "ಆಮೇಲೆ ಇಲ್ಲಿರೂಕೆ ಆಗೂದಿಲ್ಲ."

ಅವತ್ತಿನಿಂದ ನನ್ನ ಹೆಂಡತಿ ನಿಂತಲ್ಲಿ ನಿಲ್ಲಲಿಲ್ಲ. ಗಂಗಾ ಹೋದರೆ ನೇರಲಮಕ್ಕಿಯ ಮಕ್ಕಳಿಗೆ ಕಲಿಸುವವರು ಇಲ್ಲ, ಗಂಗಾ ಉಳಿಯಬೇಕಾದರೆ ಸಂಬಳ ಬೇಕು, ಸಂಬಳ ಬೇಕಾದರೆ ಎಲ್ಲಿಂದಾದರೂ ದೇಣಿಗೆ ತರಬೇಕು. ಲೆಕ್ಕ ಇಷ್ಟು ಸುಲಭ. ವಿನೋದಾ ನಮ್ಮೂರ ಮಹಿಳಾ ಮಂಡಳದ ಕಾರ್ಯದರ್ಶಿ. ಮಂಡಳಕ್ಕೆ ಒಂದು ನೋಂದಣಿ ನಂಬರು ಇತ್ತು, ಬೇರೇನೂ ಇರಲಿಲ್ಲ. ಬಿ.ಎ. ಓದಿದವಳಾದ್ದರಿಂದ ಅರ್ಜಿಗಳನ್ನು ಇಂಗ್ಲಿಷಿನಲ್ಲಿ ಅವಳೇ ಬರೆದಳು. ಶಿರಸಿಯ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಟೈಪು ಮಾಡಿಸುವುದು, ಝೆರಾಕ್ಸ್ ತೆಗೆಸುವುದು, ರಿಜಿಸ್ಟರ್ ಮಾಡುವುದು, ಆಮೇಲೆ ಪೋಸ್ಟ್‌ಮ್ಯಾನ್ ಬರುವ ದಾರಿ ಕಾಯುವುದು. ಸಿದ್ದಾಪುರದಲ್ಲಿ ಒಬ್ಬ ನಿವೃತ್ತ ಹೆಡ್‌ಮಾಸ್ತರರು ಮುಂಬಯಿಯ ದೊಡ್ಡ ದಾನಿಗಳ ವಿಳಾಸ ಕೊಡುತ್ತೇನೆಂದು ಕರೆಸಿದರು. ಕರೆಸಿದಾಗಲೆಲ್ಲ ತಾವು ಬರೆಯುತ್ತಿದ್ದ ಆತ್ಮಕಥೆಯ ಒಂದೊಂದು ಅಧ್ಯಾಯ ಓದಿದರು. ಅವರ ಬಾಲ್ಯ ಮುಗಿಯುವಷ್ಟರಲ್ಲಿ ನಾನು ಕೈ ಮುಗಿದು ಎದ್ದು ಬಂದೆ.

ಬಂದ ಉತ್ತರಗಳೋ! ಒಬ್ಬರು ಮೂರು ವರ್ಷದ ಆಡಿಟ್ ವರದಿ ಕೇಳಿದರು. ಇನ್ನೊಬ್ಬರು ದೆಹಲಿಯಿಂದ ಬರೆದರು, ನಿಮ್ಮ ಪ್ರದೇಶ ಬರಪೀಡಿತವಲ್ಲದ ಕಾರಣ ವಿಷಾದಿಸುತ್ತೇವೆ ಎಂದು.

"ಹೊಳೆ ಇದ್ದು ಹೇಳಿ ಮಕ್ಕಳಿಗೆ ಶಾಲೆ ಇಲ್ಲೆ," ಎಂದು ವಿನೋದಾ ಆ ಕಾಗದವನ್ನು ನನ್ನ ಮುಖದ ಮುಂದೆ ಆಡಿಸಿದಳು. "ಹೊಳೆ ಇದ್ದು ಹೇಳಿಯೇ ಇವು ದುಡ್ಡು ಕೊಡ್ತ್ವಿಲ್ಲೆ! ಆನು ಎಂತ ಮಾಡವು? ಹೊಳೆ ಬತ್ತಿಸವ?"

"ಒಂದು ಗಳಿಗೆ ಕೂತ್ಗ ಮಾರಾಯ್ತಿ. ನಿನ್ನ ನೋಡಿರೆ ನಂಗೇ ತಲೆ ತಿರುಗ್ತು."

"ನಿಂಗ ಸುಮ್ನಿರಿ. ಗಾಡಿಗೆ ಪೆಟ್ರೋಲ್ ಇದ್ದಾ ನೋಡಿ."

ಕೊನೆಗೆ ಮಾರ್ಚ್ ತಿಂಗಳಲ್ಲಿ ಧಾರವಾಡದ ಒಂದು ಟ್ರಸ್ಟಿನಿಂದ ಒಳ್ಳೆಯ ಸುದ್ದಿ ಬಂತು. ಒಂದು ಕೋಣೆಯ ಶಾಲೆ ಕಟ್ಟಲು ಹಣ, ಅದರ ಜೊತೆಗೇ ಮೂರು ವರ್ಷ ಶಿಕ್ಷಕಿಯ ಸಂಬಳ. ಷರತ್ತು ಒಂದೇ. ಕಟ್ಟಡದ ಕೆಲಸದಲ್ಲಿ ಜನರ ಪಾಲೂ ಇರಬೇಕು. ಮೇ ಕೊನೆಯ ಹೊತ್ತಿಗೆ ಅನ್ನಪೂರ್ಣವ್ವ ಎಂಬ ಅಧಿಕಾರಿ ಬಂದು ಜಾಗ ನೋಡುತ್ತಾರೆ, ಅವರು ಒಪ್ಪಿದರೆ ಜೂನ್‌ನಿಂದಲೇ ಸಂಬಳ.

ವಿನೋದಾ ಅಂದೇ ಸಂಕ ದಾಟಿ ಹೋಗಿ ನೇರಲಮಕ್ಕಿಯವರನ್ನು ನಾಗಿಯ ಅಂಗಳದಲ್ಲಿ ಸೇರಿಸಿದಳು. ನಿಮ್ಮ ಪಾಲೂ ಬೇಕಂತೆ, ಮಣ್ಣು ಕಲ್ಲು ಮೈಕೆಲಸ ನಾವು ಕೊಡುತ್ತೇವೆಂದು ಒಪ್ಪಬೇಕಂತೆ ಎಂದಳು. ಅಲ್ಲಿ ಗೋಡೆ ಕಟ್ಟುವುದರಲ್ಲಿ ಕೈ ಪಳಗಿದವನು ರಾಮ. ಅವನು ಎಲ್ಲರ ಪರವಾಗಿ, "ಅದಕ್ಕೆಂತ ಅಮ್ಮಾ, ಮಾಡ್ವ," ಎಂದ. ಇವಳು ಖುಷಿಯಿಂದ ಬಂದಳು. ಬಂದ ಮೂರನೇ ದಿನಕ್ಕೆ ಸಿದ್ದಾಪುರದಲ್ಲಿ ಅವಳ ತಾಯಿ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡರು. ವಿನೋದಾ ಅವರ ಆರೈಕೆಗೆಂದು ಹೋದವಳು ಮೇ ನಡು ಕಳೆದರೂ ಅಲ್ಲೇ ಉಳಿಯಬೇಕಾಯಿತು.

ಇಲ್ಲಿ ಆದದ್ದನ್ನು ಅರ್ಥ ಮಾಡಿಕೊಳ್ಳಬೇಕಾದರೆ ನೇರಲಮಕ್ಕಿಯವರ ಕೆಲಸದ ರೀತಿ ತಿಳಿದಿರಬೇಕು. ಅವರದು ಮುಯ್ಯಾಳಿನ ಕೆಲಸ. ಇವತ್ತು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು. ಕೂಲಿ ಇಲ್ಲ, ಊಟ ಉಂಟು. ಮುಯ್ಯಾಳು ಸೇರಿದ ಮೇಲೆ ಕೆಲಸ ನಡುವೆ ನಿಲ್ಲುವುದಿಲ್ಲ. ಅರ್ಧ ನೆಟ್ಟ ಗದ್ದೆ, ಅರ್ಧ ಹೊದಿಸಿದ ಮನೆಯ ಮಾಡು ಬಿಟ್ಟು ಎದ್ದರೆ ಆ ಮನೆಗೂ ಅವಮಾನ, ಬಂದವರಿಗೂ ಅವಮಾನ. ಪಾಲು ಎಂದರೆ ಎಷ್ಟು ಎಂದು ಯಾರೂ ಕೇಳಲಿಲ್ಲ. ಅದರ ಮೇಲೆ, ಧಾರವಾಡದಿಂದ ಒಬ್ಬರು ಶಾಲೆ ನೋಡಲು ಬರುತ್ತಾರಂತೆ. ದೂರದಿಂದ ಬಂದವರಿಗೆ ಬಯಲು ತೋರಿಸಿ ಕಳಿಸುವುದುಂಟೇ?

ಕಟ್ಟೇಬಿಟ್ಟರು.

ನಾನು ತಡೆಯಲಿಲ್ಲವೇ ಎಂದರೆ, ತಡೆಯುವುದೇಕೆ? ನನಗೆ ಆ ಟ್ರಸ್ಟಿನ ನಿಯಮ ಗೊತ್ತಿರಲಿಲ್ಲ, ಮತ್ತು ನನಗೆ ಅಷ್ಟು ಸಂತೋಷ ಬೇರೆ ಯಾವುದರಲ್ಲೂ ಆಗಿರಲಿಲ್ಲ. ರಾಮ ಬಂದು ಮಾಡಿನಲ್ಲಿ ಹೆಂಚು ಕೂರಿಸಲು ಅಡಿಕೆ ಮರದ ದಬ್ಬೆ ಕೇಳಿದಾಗ ಎರಡು ಹಳೆ ಮರ ಕಡಿಸಿ ಕೊಟ್ಟೆ. ಸಂಜೆಯಾದರೆ ನೋಡಲು ಹೋಗುತ್ತಿದ್ದೆ. ನಾನೂ ಮಣ್ಣು ತುಳಿದೆ ಎಂದರೆ ಸುಳ್ಳಾಗುತ್ತದೆ, ತುಳಿಯುವವರಿಗೆ ಎಲೆ ಅಡಿಕೆ ಕೊಟ್ಟು ಮಾತಾಡಿಸುತ್ತಿದ್ದೆ. ಗೋಡೆ ಎದ್ದಿತು, ಕಿಟಕಿ ಕೂತಿತು. ಹೆಂಚಿಗೆ ಏನು ಮಾಡುವುದೆಂದು ಕೇಳಿದರೆ, ಪ್ರತಿ ಮನೆಯವರೂ ತಮ್ಮ ಕೊಟ್ಟಿಗೆಯ ಹೆಂಚು ಬಿಚ್ಚಿ ತಂದರು. ಈ ಮಳೆಗಾಲ ದನಗಳು ಸೋಗೆಯ ಚಪ್ಪರದಡಿ ನಿಂತರಾಯಿತು ಎಂದರು. ಒಂದೊಂದು ಮನೆಯ ಹೆಂಚಿಗೆ ಒಂದೊಂದು ಬಣ್ಣ. ರಾಮ ಗೋಡೆಗೆ ಮಸಿ ಬಳಿದು ಬೋರ್ಡು ಮಾಡಿದ. ಒಳ್ಳೆಯ ದಿನ ನೋಡಿ ಹಾಲುಕ್ಕಿಸಿ ದೀಪ ಹಚ್ಚಿದರು. ಗಂಗಾ ಮಕ್ಕಳನ್ನು ಜಗುಲಿಯಿಂದ ಎಬ್ಬಿಸಿ ಒಳಗೆ ಕೂರಿಸಿದಳು. ನಾನು ವಿನೋದಾಗೆ ಸುದ್ದಿ ಕಳಿಸಲಿಲ್ಲ, ಬಂದಾಗ ನೋಡಿ ಬೆರಗಾಗಲಿ ಎಂದುಕೊಂಡೆ.

ಬೆರಗಾದಳು. ಬಸ್ಸಿನಿಂದ ಇಳಿದವಳನ್ನು ಮನೆಗೂ ಕರೆದುಕೊಂಡು ಹೋಗದೆ ಸೀದಾ ಹೊಳೆಯ ಹತ್ತಿರ ಒಯ್ದೆ. ಸಂಕ ದಾಟಿ ಏರು ಹತ್ತಿದರೆ ಶಾಲೆ. ಅವಳು ಗೋಡೆ ಮುಟ್ಟಿದಳು, ಒಳಗೆ ಹೋದಳು, ಹೊರಗೆ ಬಂದಳು, ಮತ್ತೆ ಒಳಗೆ ಹೋದಳು. ಕಣ್ಣಲ್ಲಿ ನೀರು ಬಂದಿತ್ತು. ನನಗೂ ಬಂದಿತ್ತು ಎಂದು ಹೇಳಲು ನಾಚಿಕೆಯಿಲ್ಲ. ಆಮೇಲೆ ಅವಳ ಮುಖ ಇಳಿಯಿತು.

"ಪೂರಾ ಮುಗಿಸ್ಬಿಟ್ಟಿದ್ವಲ," ಎಂದಳು ಮೆಲ್ಲಗೆ. "ಮುಗಿಸ್ಲೆ ಯಾರು ಹೇಳಿದ್ದ?"

"ಯಾರು ಹೇಳವು? ಶುರು ಮಾಡಿದ್ದ, ಮುಗಿಸಿದ್ದ."

"ನಡಿರಿ ಯಲ್ಲಾಪುರಕ್ಕೆ. ಈಗ್ಲೇ."

ಯಲ್ಲಾಪುರದ ಎಸ್‌ಟಿಡಿ ಬೂತಿನಿಂದ ಧಾರವಾಡಕ್ಕೆ ಫೋನು ಮಾಡಿದಳು. ಮೀಟರಿನ ಕೆಂಪು ಅಂಕಿ ಓಡುತ್ತಿತ್ತು, ಇವಳು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದಳು. ಅನ್ನಪೂರ್ಣವ್ವನವರ ದನಿ ಎಂಥದೆಂದರೆ ಬೂತಿನ ಬಾಗಿಲಲ್ಲಿ ನಿಂತ ನನಗೂ ಎಲ್ಲ ಕೇಳುತ್ತಿತ್ತು.

"ಮೇಡಂ, ಜನ ಉತ್ಸಾಹದಲ್ಲಿ ಸ್ವಲ್ಪ ಜಾಸ್ತಿ ಕೆಲಸ ಮಾಡಿಬಿಟ್ಟರೆ ತೊಂದರೆ ಇದೆಯಾ?"

"ಮಾಡ್ಲಿ ಬಿಡ್ರಿ, ಚೊಲೋನ ಆತಲ್ಲ. ಅರ್ಧಾ ಆಗಿದ್ರೂ ಜನರ ಪಾಲು ಅಂತ ಬರೀತೀನಿ."

"ಪೂರ್ತಿ ಆಗಿದ್ದರೆ?"

"ಪೂರ್ತಿ ಆಗಿದ್ರ ನಾ ಯಾಕ ಬರ್ಲ್ರಿ? ಮುಗದ ಕಟ್ಟಡಕ್ಕ ರೊಕ್ಕ ಕೊಡಾಕ ಬರಂಗಿಲ್ಲ. ಪಗಾರನೂ ಅದರ ಜೋಡೀನ ಐತಿ, ಅದನ್ನಷ್ಟ ತಗದು ಕೊಡಾಕ ಆಗಂಗಿಲ್ರಿ. ಯಾಕ, ಏನಾತು?"

"ಏನಿಲ್ಲ ಮೇಡಂ. ಸುಮ್ಮನೆ ಕೇಳಿದೆ."

ಫೋನಿಟ್ಟು ಹೊರಗೆ ಬಂದವಳು ಗಾಡಿ ಹತ್ತಲಿಲ್ಲ. ಬಸ್ ಸ್ಟ್ಯಾಂಡಿನವರೆಗೆ ನಡೆದು ಹೋದಳು, ತಿರುಗಿ ಬಂದಳು. ನಾನು ಗಾಡಿ ತಳ್ಳಿಕೊಂಡು ಹಿಂದೆ ಹಿಂದೆ. ಕಿರಾಣಿ ಅಂಗಡಿಯ ಮುಂದೆ ನಿಂತು, "ಅರ್ಧ ಹೆಂಚು ತೆಗೆಸವು," ಎಂದಳು.

ನನಗೆ ಸಿಟ್ಟು ನೆತ್ತಿಗೇರಿತು. ಯಾರೋ ಒಬ್ಬರು ಧಾರವಾಡದಲ್ಲಿ ಕುರ್ಚಿಯಲ್ಲಿ ಕೂತು ಮಾಡಿದ ನಿಯಮಕ್ಕೆ ನಮ್ಮವರು ಕಟ್ಟಿದ್ದನ್ನು ಬಿಚ್ಚಬೇಕೇ ಎಂದು ನಡುಬೀದಿಯಲ್ಲಿ ಕೂಗಿದೆ. ಅವಳು ನನಗಿಂತ ದೊಡ್ಡದಾಗಿ ಕೂಗಿದಳು. ಹೆಂಚು ಮತ್ತೆ ಹಾಕಬಹುದು, ಗಂಗಾ ಹೋದರೆ ಮತ್ತೆ ಬರುತ್ತಾಳೆಯೇ? ಬರಿಯ ಕೋಣೆಯನ್ನು ಏನು ಮಾಡುವುದು, ಹುಲ್ಲು ತುಂಬುವುದೇ? ನಾನು ಗಾಡಿ ಒದ್ದು ಶುರು ಮಾಡಿದೆ.

ಮರುದಿನ ನಾಗಿಯ ಅಂಗಳದಲ್ಲಿ ಅವಳು ಈ ಮಾತು ಎತ್ತಿದಾಗ ಮೊದಲು ಎಲ್ಲರೂ ನಕ್ಕರು. ತಮಾಷೆಯಲ್ಲ ಎಂದು ತಿಳಿದ ಮೇಲೆ ನಗು ನಿಂತಿತು. ರಾಮನ ಮುಖ ಕಪ್ಪಾಯಿತು.

"ಹಾಲು ಉಕ್ಕಿಸಾಯ್ತು ಅಮ್ಮಾ, ದೀಪ ಹಚ್ಚಾಯ್ತು," ಎಂದ. "ದೀಪ ಹಚ್ಚಿದ ಮನೆ ಮಾಡು ಬಿಚ್ಚೂದು ಯಾವಾಗ? ಮನೆಯವ್ರು ಊರು ಬಿಟ್ಟು ಹೋಗೂವಾಗ."

"ಬಿಚ್ಚದಿದ್ದರೆ ಊರು ಬಿಟ್ಟು ಹೋಗುವವಳು ಗಂಗಾ," ಎಂದಳು ವಿನೋದಾ. "ನಾಲ್ಕು ದಿನದ ಮಾತು ರಾಮಾ. ಆ ಮೇಡಂ ನೋಡಿ ಹೋದ ಕೂಡಲೇ ಹಾಕಿಬಿಡುವ. ನಾನೇ ಹೆಂಚು ಹೊರುತ್ತೇನೆ."

ನಾಗಿ ಅಲ್ಲಿಯವರೆಗೆ ಬಾಗಿಲ ಹತ್ತಿರ ಕೂತು ಕೇಳುತ್ತಿದ್ದಳು. "ಮಗಳು ಇಲ್ಲೇ ಉಳೀತದೆ ಹೇಳಿ ಆದ್ರೆ ತೆಗೀರಿ," ಎಂದಳು. "ನಂಗೆ ಒಂದೇ ಮಗಳು." ಅವಳು ಹಾಗೆಂದ ಮೇಲೆ ರಾಮನಿಗೆ ಬೇರೆ ಮಾತು ಉಳಿಯಲಿಲ್ಲ. ಅವಳ ಮಗಳ ಸಲುವಾಗಿ ಮುಯ್ಯಾಳು ಸೇರಿ ಕಟ್ಟಿದವರು, ಅವಳ ಮಗಳ ಸಲುವಾಗಿಯೇ ಮುಯ್ಯಾಳು ಸೇರಿ ಬಿಚ್ಚಬೇಕಾಯಿತು.

ಅನ್ನಪೂರ್ಣವ್ವ ಗುರುವಾರ ಬರುವವರಿದ್ದರು. ಬುಧವಾರ ಬೆಳಿಗ್ಗೆ ಕೆಲಸ ಶುರುವಾಯಿತು. ರಾಮ ಮೇಲೆ ಹತ್ತಿ ಒಂದೊಂದೇ ಹೆಂಚು ಸರಿಸಿ ಕೊಡುವುದು, ಕೆಳಗೆ ಸಾಲಾಗಿ ನಿಂತವರು ಕೈಯಿಂದ ಕೈಗೆ ದಾಟಿಸುವುದು. ಕಟ್ಟುವಾಗ ಹಾಡಿದ್ದ ಹೆಂಗಸರು ಬಿಚ್ಚುವಾಗ ತುಟಿ ಬಿಚ್ಚಲಿಲ್ಲ. ವಿನೋದಾ ಮಾತ್ರ ಅಂಗಳದಲ್ಲಿ ಆಚೆ ಈಚೆ ಓಡಾಡುತ್ತ, ಹುಷಾರು, ಒಡೆಯಬೇಡಿ, ಅಲ್ಲಿಡಬೇಡಿ, ಇಲ್ಲಿಡಿ ಎನ್ನುತ್ತಿದ್ದಳು. ಒಟ್ಟಿದ ಹೆಂಚು ಈಗ ತಾನೇ ತಂದು ಇಳಿಸಿದ ಹಾಗೆ ಕಾಣಬೇಕಂತೆ. ಬಾಗಿಲಿನ ಒಣಗಿದ ತೋರಣ ಕಿತ್ತು ಬಚ್ಚಿಡುವ ಕೆಲಸ ನನಗೆ ಬಂತು. ಅದನ್ನು ಅಂಗಿಯೊಳಗೆ ಸೇರಿಸಿಕೊಂಡು ನಿಂತವನಿಗೆ ನನ್ನ ಮೇಲೇ ಹೇಸಿಗೆಯಾಯಿತು.

ಅಷ್ಟರಲ್ಲಿ ಗಂಗಾ ಮಕ್ಕಳನ್ನು ಕರೆದುಕೊಂಡು ಬಂದಳು.

"ಇವತ್ತು ನಾಳೆ ರಜೆ ಕೊಡೇ," ಎಂದಳು ವಿನೋದಾ.

"ಮಳೆ ಬರೂದ್ರೊಳಗೆ ಭಾಗಾಕಾರ ಮುಗಿಸ್ಬೇಕು ಅಮ್ಮಾ," ಎಂದು ಗಂಗಾ ಇನ್ನೂ ಹೆಂಚಿದ್ದ ಅರ್ಧದ ಕೆಳಗೆ ಮಕ್ಕಳನ್ನು ಒತ್ತಾಗಿ ಕೂರಿಸಿದಳು. ಮೇಲಿನಿಂದ ಧೂಳು ಉದುರುತ್ತಿತ್ತು. ಬಿಸಿಲು ನೆಲದ ಮೇಲೆ ಅವರ ಕಡೆಗೆ ಸರಿಯುತ್ತ ಬರುತ್ತಿತ್ತು. ಹೊರಗೆ ಹೆಂಚಿನ ಸದ್ದು, ಒಳಗೆ ಮಗ್ಗಿ. ಒಂದು ಮಗು, "ಅಕ್ಕೋರೇ, ಯಾಕೆ ತೆಗೀತ್ರು?" ಎಂದು ಕೇಳಿದ್ದು ನನಗೆ ಕೇಳಿಸಿತು. ಗಂಗಾ, "ಲೆಕ್ಕ ಮಾಡು," ಎಂದಳು.

ಸರಿಯಾಗಿ ಅರ್ಧ ಮಾಡು ಬರಿದಾದ ಹೊತ್ತಿಗೆ ಹೊಳೆಯ ಆಚೆ ಜೀಪಿನ ಹಾರನ್ ಕೇಳಿತು. ಹಳಿಯಾಳದ ಕಡೆಯ ಒಂದು ಕಾರ್ಯಕ್ರಮ ತಪ್ಪಿಹೋಯಿತೆಂದು ಅನ್ನಪೂರ್ಣವ್ವ ಒಂದು ದಿನ ಮೊದಲೇ ಬಂದುಬಿಟ್ಟಿದ್ದರು. ಗಟ್ಟಿಮುಟ್ಟಾದ ಹೆಂಗಸು, ಸೀರೆಯ ನೆರಿಗೆ ಎತ್ತಿ ಹಿಡಿದು ಸಂಕ ದಾಟಿ, ಏದುಸಿರು ಬಿಡುತ್ತ ಏರು ಹತ್ತಿ ಬಂದರು. ಎಲ್ಲರೂ ಇದ್ದಲ್ಲೇ ನಿಂತೆವು. ರಾಮ ಮಾಡಿನ ಮೇಲೆ, ಕೈಯಲ್ಲಿ ಒಂದು ಹೆಂಚು.

"ಏ, ಎಷ್ಟ್ ಚೊಲೋ ಕೆಲಸ ನಡಸೀರಿ!" ಎಂದರು ಅವರು. "ಹೆಂಚ್ ಹಾಕಾಕತ್ತೀರೇನ್ರಿ?"

ಹಾಕುತ್ತಿರುವ ಮಾಡಿಗೂ ತೆಗೆಯುತ್ತಿರುವ ಮಾಡಿಗೂ ನೋಡುವವರಿಗೆ ಏನು ವ್ಯತ್ಯಾಸ? ರಾಮ ಮೇಲಿನಿಂದ ವಿನೋದಾಳ ಮುಖ ನೋಡಿದ. ವಿನೋದಾ, "ಹೌದು ಮೇಡಂ, ಕೆಲಸ ನಡೀತಾ ಇದೆ," ಎಂದಳು. ನಾನು ತಲೆಯಾಡಿಸಿದೆ. ರಾಮ ಕೈಯಲ್ಲಿದ್ದ ಹೆಂಚನ್ನು ಮೆಲ್ಲಗೆ ದಬ್ಬೆಯ ಮೇಲೆ ಇಟ್ಟ.

ಅನ್ನಪೂರ್ಣವ್ವ ಅವನ ಫೋಟೋ ತೆಗೆದರು. ಸಾಲಿನಲ್ಲಿ ನಿಂತವರ ಫೋಟೋ ತೆಗೆದರು. ಇಷ್ಟೊಂದು ಜನರ ಪಾಲು ತಾನು ಬೇರೆಲ್ಲೂ ಕಂಡಿಲ್ಲ ಎಂದರು. ಬರುವ ತಿಂಗಳಿಂದಲೇ ಪಗಾರ ಕೊಡಿಸುತ್ತೇನೆ ಎಂಬ ಮಾತೂ ಬಾಯಿಯಿಂದ ಬಂತು. ವಿನೋದಾಳ ಉಸಿರು ಸಡಿಲವಾದದ್ದು ನನಗೆ ಪಕ್ಕದಲ್ಲಿ ನಿಂತೇ ತಿಳಿಯಿತು. ಒಂದು ವರ್ಷದ ತಿರುಗಾಟ ದಡ ಮುಟ್ಟಿತು ಎಂದುಕೊಂಡೆ. ಆಗ ಅವರು ಮಕ್ಕಳನ್ನು ನೋಡುತ್ತೇನೆಂದು ಒಳಗೆ ಹೋದರು.

"ನಮಸ್ಕಾರ್ರಿ ಟೀಚರ. ಮತ್ತ ಶಾಲಿ ಎಂದ ಮುಗೀತೈತಿ?"

ಗಂಗಾ ಎದ್ದು ನಿಂತಳು. ಮಕ್ಕಳೂ ಎದ್ದು ನಿಂತವು. ಎಲ್ಲ ಮಕ್ಕಳ ಕಣ್ಣೂ ಗಂಗಾಳ ಮೇಲಿತ್ತು.

"ಮುಗ್ದಿತ್ತು ಮೇಡಂ," ಎಂದಳು. "ಒಂದು ತಿಂಗಳಾಯ್ತು ಮುಗ್ದು. ನಿಮಗೆ ತೋರ್ಸೂಕೆ ಹೇಳಿ ಬೆಳಗಿಂದ ಹೆಂಚು ತೆಗೀತಾ ಇದ್ರು."

ಕೈಗೆಟುಕಿದ್ದರೆ ಆ ಗಳಿಗೆಯಲ್ಲಿ ನಾನು ಆ ಹುಡುಗಿಯ ಬಾಯಿ ಮುಚ್ಚಿಬಿಡುತ್ತಿದ್ದೆ. ಅನ್ನಪೂರ್ಣವ್ವ ಮೇಲೆ ಬಿಸಿಲು ನೋಡಿದರು, ಕೆಳಗೆ ಸಾರಿಸಿದ ನೆಲ ನೋಡಿದರು, ಗೋಡೆಯ ಮೇಲೆ ದೀಪದ ಮಸಿ ಹಿಡಿದ ಜಾಗ ನೋಡಿದರು. ಬೈಯುತ್ತಾರೆ ಎಂದುಕೊಂಡೆವು, ಬೈಯಲಿಲ್ಲ. ಹೊರಗೆ ಬಂದು ಹೆಂಚಿನ ರಾಶಿಯ ಮೇಲೆ ಧಪ್ಪನೆ ಕೂತರು. ನಾಗಿ ಮಜ್ಜಿಗೆ ತಂದು ಕೊಟ್ಟಳು, ಕುಡಿದರು.

"ಕೇಳಿದ ಮ್ಯಾಲ ಕೇಳಿಲ್ಲ ಅನ್ನಾಕ ಬರೂದಿಲ್ರಿ ನನಗ," ಎಂದರು ವಿನೋದಾಗೆ. ಅವರ ದನಿಯೂ ಈಗ ಸಣ್ಣದಾಗಿತ್ತು. "ತಮ್ಮ ಶಾಲಿ ತಾವ ಕಟ್ಕೊಂಡೋರಿಗೆ ಕೊಡೂವಂಥಾ ಸ್ಕೀಮು ನಮ್ಮಲ್ಲಿ ಇಲ್ಲ. ಯಾಕ ಇಲ್ಲ ಅಂತ ನನ್ನ ಕೇಳಬ್ಯಾಡ್ರಿ."

ಜೀಪು ಹೋಯಿತು. ಅದರ ಸದ್ದು ಅಡಗುವವರೆಗೆ ವಿನೋದಾ ತಡೆದುಕೊಂಡಳು.

"ಒಂದು ಮಾತು ಗಂಗಾ! ಎಂಟು ದಿನ ಬೇಕು ಅಂದಿದ್ದರೆ ಆಗಿತ್ತು!" ಅವಳು ಗಂಗಾಳ ಎದುರಿಗೆ ಬಂದು ನಿಂತಳು. "ನಿಂಗಾಗಿ ನಾನು ಎಷ್ಟು ಊರು ತಿರುಗಿದ್ದೇನೆ ಗೊತ್ತುಂಟಾ? ಎಷ್ಟು ಜನರ ಕಾಲು ಹಿಡಿದಿದ್ದೇನೆ ಗೊತ್ತುಂಟಾ?"

"ಗೊತ್ತುಂಟು ಅಮ್ಮಾ. ಆದ್ರೆ ಮಕ್ಕಳು ಬೆಳಗಿಂದ ಕೇಳ್ತಾ ಇದ್ವು. ಅವ್ರೆದುರಿಗೆ ಹ್ಯಾಂಗೆ ಹೇಳೂದು?" ಗಂಗಾ ಸೀರೆಯ ಸೆರಗನ್ನು ಬೆರಳಿಗೆ ಸುತ್ತಿಕೊಂಡಳು. "ಮತ್ತೆ... ನಂಗೆ ಹುಬ್ಬಳ್ಳಿಗೆ ಹೋಗೂಕೆ ಮನಸ್ಸುಂಟು. ನೀವು ಅಷ್ಟು ತಿರುಗೂದು ನೋಡಿ ಹೇಳೂಕೆ ಬಾಯಿ ಬರ್ಲಿಲ್ಲ."

ನಾಗಿ ಆ ಕಡೆ ಮುಖ ತಿರುಗಿಸಿದಳು. ನಾವು ಯಾರೂ ಆ ಹುಡುಗಿಯನ್ನು ಒಮ್ಮೆಯಾದರೂ ಕೇಳಿರಲಿಲ್ಲ ಎಂಬುದು ನನಗೆ ಅಲ್ಲೇ, ಆ ಅಂಗಳದಲ್ಲೇ ತಿಳಿಯಿತು. ವಿನೋದಾಗೂ ತಿಳಿದಿರಬೇಕು. ಆದರೆ ಸಿಟ್ಟಿನ ಗಾಡಿಗೆ ಬ್ರೇಕು ಬೇಗ ಹಿಡಿಯುವುದಿಲ್ಲ.

"ಹೋಗು. ಹೋಗಬೇಡ ಎನ್ನಲಿಕ್ಕೆ ನಾನು ಯಾರು? ಆದರೆ ಈ ಮಕ್ಕಳಿಗೆ ಯಾರು ಹೇಳು! ಸಂಬಳ ಇಲ್ಲದೆ, ಆ ಸಂಕ ದಾಟಿ, ಮಳೆ ಗಾಳಿ ಅನ್ನದೆ ಇಲ್ಲಿಗೆ ಯಾರು ಬರುತ್ತಾರೆ?"

ಗಂಗಾ ಅವಳನ್ನು ನೋಡಿದಳು. ಆ ಮುಖದಲ್ಲಿ ಚುಚ್ಚುವ ಭಾವ ಎಳ್ಳಷ್ಟೂ ಇರಲಿಲ್ಲ. ಇದೆಂಥ ಪ್ರಶ್ನೆ ಎಂಬಂತೆ ಹೇಳಿದಳು.

"ನೀವು ಬರ್ತಾ ಇದ್ರಲ್ಲ ಅಮ್ಮಾ."

ನಾನು ವಿನೋದಾಳ ಕಡೆ ತಿರುಗಿ ನೋಡಿದೆ. ಬಿ.ಎ. ಓದಿದ ಹೆಂಗಸು. ನಮ್ಮ ಮಗಳು ಶಿರಸಿಯ ಹಾಸ್ಟೆಲಿನಲ್ಲಿದ್ದು ಓದುತ್ತಿರುವುದರಿಂದ ಹಗಲೆಲ್ಲ ಬಿಡುವು. ಸಂಬಳ ಬೇಡ. ವರ್ಷವಿಡೀ ವಾರಕ್ಕೆ ಎರಡು ಮೂರು ಸಲ, ಮಳೆಯಲ್ಲೂ, ಅದೇ ಸಂಕ ದಾಟಿ ಬಂದು ಹೋದವಳು. ದೆಹಲಿಯಲ್ಲಿ, ಮುಂಬಯಿಯಲ್ಲಿ, ಧಾರವಾಡದಲ್ಲಿ ಹುಡುಕಿದೆವು, ಗಾಡಿಯ ಹಿಂದಿನ ಸೀಟಿನಲ್ಲಿ ಹುಡುಕಲಿಲ್ಲ. ನಮ್ಮಂಥ ತೋಟದ ಮನೆಯವರು ಶಾಲೆ ಮಾಡಿಸಿ ಕೊಡುವವರು, ಆ ಕೇರಿಯ ಮಕ್ಕಳ ಜೊತೆ ಸಗಣಿ ಸಾರಿಸಿದ ನೆಲದ ಮೇಲೆ ಕೂರುವವರಲ್ಲ ಎಂದು ನಮಗೆ ಯಾರೂ ಬಾಯಿಬಿಟ್ಟು ಹೇಳಿಕೊಟ್ಟಿರಲಿಲ್ಲ. ಹೇಳದೆಯೇ ಕಲಿತಿದ್ದೆವು. ಆ ಹೊತ್ತಿನಲ್ಲೂ ನನ್ನ ತಲೆಗೆ ಮೊದಲು ಬಂದದ್ದು, ಇವಳು ದಿನಾ ಇಲ್ಲಿಗೆ ಬಂದರೆ ನನ್ನ ಹನ್ನೊಂದು ಗಂಟೆಯ ಚಾ ಯಾರು ಮಾಡುತ್ತಾರೆ ಎಂಬುದು. ಅದನ್ನು ನೆನೆದರೆ ಈಗಲೂ ಮೈ ಹಿಡಿಯಾಗುತ್ತದೆ.

ವಿನೋದಾ ನನ್ನ ಕಡೆ ನೋಡಲಿಲ್ಲ, ನನ್ನನ್ನು ಕೇಳಲೂ ಇಲ್ಲ.

"ಬೆಳಿಗ್ಗೆ ಎಷ್ಟು ಹೊತ್ತಿಗೆ ಶುರು ಮಾಡ್ತೀಯೇ ನೀನು?" ಎಂದು ಗಂಗಾಳನ್ನು ಕೇಳಿದಳು.

ರಾಮ ಏಣಿ ಹತ್ತಿದ. ಕೆಳಗಿನವರು ಮತ್ತೆ ಸಾಲಾಗಿ ನಿಂತರು. ಈ ಸಲ ನಾನೂ ಸಾಲಿನಲ್ಲಿ ನಿಂತೆ. ನಾನು ಎರಡು ಹೆಂಚು ಒಡೆದೆ ಎಂಬುದನ್ನು ಅವರು ಇವತ್ತಿಗೂ ಎಲ್ಲರೆದುರು ಹೇಳಿ ನಗುತ್ತಾರೆ.

ಮುಂದಿನ ವಾರ ಮಳೆ ಹಿಡಿಯಿತು. ಗಂಗಾಳ ಟ್ರಂಕನ್ನು ಗಾಡಿಯಲ್ಲಿ ತಂದು ಹುಬ್ಬಳ್ಳಿ ಬಸ್ಸಿಗೆ ಏರಿಸಿದವನು ನಾನು. ಅವಳು ಹೊಸ ಸೀರೆ ಉಟ್ಟಿದ್ದಳು. ಖುಷಿಯನ್ನು ಮುಚ್ಚಿಡಲು ನೋಡಿ ಸೋಲುತ್ತಿದ್ದಳು. ಅಮ್ಮ ಬರಲಿಲ್ಲವೇ ಎಂದು ಕೇಳಿದಳು. ಶಾಲೆಯ ಹೊತ್ತಾಯಿತಲ್ಲ, ಇವತ್ತಿನಿಂದ ಅವಳೊಬ್ಬಳೇ ಎಂದೆ. ಗಂಗಾ ಹತ್ತಿ ಕೂತಳು. ಬಸ್ಸು ಹೊರಟಾಗ ಕಿಟಕಿಯ ಪರದೆ ಎತ್ತಿ, ಮಳೆಗೆ ಮುಖ ಒಡ್ಡಿ ಕೂಗಿದಳು.

"ಭಟ್ರೇ, ರಾಮಣ್ಣನ ಸಣ್ಣ ಮಗಳಿಗೆ ಬೋರ್ಡು ಕಾಣೂದಿಲ್ಲ! ಪಕ್ಕದವರ ಪಾಟಿ ನೋಡಿ ಬರೀತದೆ, ಹೇಳೂಕೆ ನಾಚಿಕೆ ಅದಕ್ಕೆ. ಮುಂದೆ ಕೂರ್ಸೂಕೆ ಹೇಳಿ ಅಮ್ಮಂಗೆ!"

ನಾನು ಮನೆಗೆ ಹೋಗಲಿಲ್ಲ. ಹೊಳೆ ಸಂಕವನ್ನು ಮುಟ್ಟಿ ಹರಿಯುತ್ತಿತ್ತು. ಎರಡೂ ಕೈಯಲ್ಲಿ ಹಗ್ಗ ಹಿಡಿದುಕೊಂಡು, ದೇವರ ಹೆಸರು ಹೇಳುತ್ತ ದಾಟಿದೆ. ವಿನೋದಾ ಬೋರ್ಡಿನ ಮುಂದೆ ನಿಂತಿದ್ದಳು, ಸೀರೆಯ ಅಂಚಿನಿಂದ ಮೊಣಕಾಲಿನವರೆಗೆ ಕೆಸರು. ಬಾಗಿಲಲ್ಲಿ ನಿಂತು ಗಂಗಾ ಹೇಳಿದ್ದನ್ನು ಹೇಳಿದೆ.

ಅವಳು ತಿರುಗಿ ಮಕ್ಕಳ ಸಾಲು ನೋಡಿದಳು. ಹಿಂದೆ, ಗೋಡೆಯ ಹತ್ತಿರ, ರಾಮನ ಮಗಳು ತಲೆ ತಗ್ಗಿಸಿ ಕೂತಿತ್ತು.

"ವರ್ಷ ಪೂರ್ತಿ ಬಂದಿದ್ದೆ," ಎಂದಳು ವಿನೋದಾ ನನಗೆ ಮಾತ್ರ ಕೇಳುವಂತೆ. "ಆನು ನೋಡಿದ್ದೇ ಇಲ್ಲೆ."

ಆಮೇಲೆ ಮಕ್ಕಳ ನಡುವೆ ಜಾಗ ಮಾಡಿಕೊಂಡು ಹಿಂದಕ್ಕೆ ಹೋಗಿ ಆ ಹುಡುಗಿಯ ಹೆಸರು ಕೇಳಿದಳು. ಅದು ಏನೋ ಹೇಳಿತು. ಹೆಂಚಿನ ಮೇಲೆ ಮಳೆಯ ಸದ್ದಿಗೆ ನನಗೆ ಕೇಳಿಸಲಿಲ್ಲ, ಅವಳಿಗೂ ಕೇಳಿಸಲಿಲ್ಲ. ಅವಳು ಅದರ ಪಕ್ಕದಲ್ಲಿ ನೆಲದ ಮೇಲೆ ಕೂತು, ಕಿವಿಯನ್ನು ಹತ್ತಿರ ತಂದು, ಮತ್ತೊಮ್ಮೆ ಕೇಳಿದಳು.